ಒಂದೇ ಹೊಳೆ, ಎರಡು ಚಿತ್ರ

2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಸೀಮೆಯ ಊರುಗಳಿಗೆ ನುಗ್ಗಿದ್ದು ನೆನಪಿದೆಯಲ್ಲ? ಅಂಥ ಹೊತ್ತಿನಲ್ಲಿ ಮೇಲಿನ ಕ್ಯಾಮೆರಾ ಉಪಗ್ರಹಕ್ಕೆ ಕಾಣುವುದು ಹೆಚ್ಚಾಗಿ ಮೋಡದ ಬೆನ್ನು. ಮೋಡ ತೂರಿ ನೆಲ ನೋಡಬಲ್ಲದ್ದು ರೇಡಾರ್. ಯುರೋಪಿನ ಸೆಂಟಿನೆಲ್-1 ಆಗಲಿ, 2022ರಲ್ಲಿ ಇಸ್ರೋ ಹಾರಿಸಿದ ಇಒಎಸ್-04 ಆಗಲಿ, ಸುಮಾರು ಐದೂವರೆ ಸೆಂಟಿಮೀಟರ್ ಉದ್ದದ ಅಲೆಗಳನ್ನು ತಾವೇ ನೆಲಕ್ಕೆಸೆದು, ಮರಳಿ ಬಂದಷ್ಟನ್ನು ಚಿತ್ರವಾಗಿಸುತ್ತವೆ.

ನೀರು ಹೊಸದಾಗಿ ಎಲ್ಲಿ ನುಗ್ಗಿದೆ ಎಂದು ತಿಳಿಯಲು ಈ ಚಿತ್ರವನ್ನು ಬೇಸಿಗೆಯ ಕ್ಯಾಮೆರಾ ಚಿತ್ರದ ಮೇಲೆ ಕೂರಿಸಬೇಕು. ಪೇಚು ಇಲ್ಲೇ. 10 ಮೀಟರಿನ ಒಂದು ಪಿಕ್ಸೆಲ್ ಜಾರಿದರೂ ಬದುವಿನಾಚೆಯ ಒಣ ಹೊಲ ಮುಳುಗಡೆಯ ಲೆಕ್ಕಕ್ಕೆ ಸೇರೀತು.

ಎರಡೂ ಕ್ಯಾಮೆರಾ ಚಿತ್ರಗಳಾದರೆ ಒಂದೇ ಥರ ಕಾಣುವ ಮೂಲೆಗಳನ್ನು ಹುಡುಕಿ ಹೊಂದಿಸಬಹುದು. ಇಲ್ಲಿ ಆ ಬೇಳೆ ಬೇಯುವುದಿಲ್ಲ. ರೇಡಾರಿಗೆ ಬಣ್ಣ ಗೊತ್ತಿಲ್ಲ. ನುಣುಪು, ಒರಟು, ತೇವ ಗೊತ್ತು. ನಿಂತ ನೀರು ಅಲೆಯನ್ನು ಕನ್ನಡಿಯಂತೆ ಆಚೆಗೆ ಚಿಮ್ಮಿಸಿ ಕಪ್ಪಾಗುತ್ತದೆ. ಗೋಡೆಯೂ ಅಂಗಳವೂ ಕೂಡುವ ಮೂಲೆ ಅಲೆಯನ್ನು ಬಂದ ದಾರಿಗೇ ತಿರುಗಿಸುವುದರಿಂದ ಊರು ಬೆಳ್ಳಗೆ ಹೊಳೆಯುತ್ತದೆ. ಹೊಳೆಯ ಒಣ ಮರಳೋ, ಕ್ಯಾಮೆರಾಕ್ಕೆ ಬಿಳುಪು, ರೇಡಾರಿಗೆ ಕಪ್ಪು! ಸಾಲದ್ದಕ್ಕೆ ಚಿತ್ರದ ತುಂಬ ರವೆ ಚೆಲ್ಲಿದಂಥ ಚುಕ್ಕೆಗಳು.

ನನಗೆ ಬಲು ಮೋಜೆನಿಸುವುದು ಗುಡ್ಡಗಳ ಸಂಗತಿ. ರೇಡಾರ್ ಅಳೆಯುವುದು ಅಲೆ ಹೋಗಿ ಬರುವ ಹೊತ್ತನ್ನು. ಗುಡ್ಡದ ನೆತ್ತಿ ಎತ್ತರದಲ್ಲಿರುವುದರಿಂದ ಅಲ್ಲಿಂದ ಅಲೆ ಬೇಗ ಮರಳುತ್ತದೆ; ಬೇಗ ಬಂದದ್ದು ಹತ್ತಿರದ್ದೆಂದು ರೇಡಾರ್ ನೆತ್ತಿಯನ್ನು ತನ್ನತ್ತ ಎಳೆದು ಬರೆಯುತ್ತದೆ. ಓರೆಯಿಂದ ನೋಡುವ ಕ್ಯಾಮೆರಾದಲ್ಲಿ ಅದೇ ನೆತ್ತಿ ಆಚೆಗೆ ವಾಲುತ್ತದೆ. ನೋಟ 45 ಡಿಗ್ರಿ ಓರೆಯಿದ್ದರೆ 100 ಮೀಟರ್ ಗುಡ್ಡದ ತುದಿ ಎರಡರಲ್ಲೂ ನೂರು ಮೀಟರ್ ಸರಿಯುತ್ತದೆ, ಒಂದರಲ್ಲಿ ಈಚೆಗೆ, ಇನ್ನೊಂದರಲ್ಲಿ ಆಚೆಗೆ. ಹಾಗಾಗಿ ನೆಲದ ಏರಿಳಿತದ ನಕ್ಷೆ ಹಿಡಿದು ಎರಡನ್ನೂ ಮೊದಲು ನೆಟ್ಟಗೆ ಮಾಡಬೇಕು.

ಆಮೇಲಿನ ಉಪಾಯಗಳಲ್ಲೊಂದು ಬಂದದ್ದು ಆಸ್ಪತ್ರೆಯ ಕಡೆಯಿಂದ. ಸಿಟಿ ಮತ್ತು ಎಂಆರ್‌ಐ ಚಿತ್ರಗಳನ್ನು ಕೂಡಿಸಲು 1990ರ ದಶಕದಲ್ಲಿ ಬಳಕೆಗೆ ಬಂದ ಇದಕ್ಕೆ ಮ್ಯೂಚುವಲ್ ಇನ್ಫರ್ಮೇಶನ್ ಎಂದು ಹೆಸರು. ಬಿಳುಪಿಗೆ ಬಿಳುಪೇ ಸಿಗಲೆಂಬ ಹಟ ಅದಕ್ಕಿಲ್ಲ. ಒಂದರಲ್ಲಿನ ಛಾಯೆ ನೋಡಿದರೆ ಇನ್ನೊಂದರದ್ದನ್ನು ಊಹಿಸಬಹುದೇ ಎಂದಷ್ಟೇ ಕೇಳುತ್ತದೆ. ಚಿತ್ರವನ್ನು ಸರಿಸುತ್ತ ಹೋದಂತೆ, ಸರಿಯಾದ ಜಾಗದಲ್ಲಿ ಮರಳಿನ ಬಿಳುಪು ಬಂದಲ್ಲೆಲ್ಲ ರೇಡಾರಿನ ಕಪ್ಪು ಬಂದು ಕೂರುತ್ತದೆ. ಜಾರಿದರೆ ಜೋಡಿಗಳೆಲ್ಲ ಕಲಬೆರಕೆ.

ನೆರೆಯ ಚಿತ್ರಕ್ಕೆ ಮಾತ್ರ ಹೊಳೆಯ ದಡವನ್ನು ಗುರುತಾಗಿ ಹಿಡಿಯುವಂತಿಲ್ಲ. ಜಾಗ ಬದಲಿಸಿರುವುದು ಅದೇ. ನೀರೇರದ ಊರಿನ ಅಂಚು, ದಿಬ್ಬದ ಮೇಲೆ ರಸ್ತೆಗಳು ಕೂಡುವ ಜಾಗ, ಇಂಥವನ್ನೇ ನೆಚ್ಚಬೇಕು.