ಸೈಕಲ್ ಉಳಿಸುವ ಹೊತ್ತು, ಗಳಿಸುವ ಹಣ

ಸೈಕಲ್ಲಿನ ಲಾಭ ಎಂದರೆ ಪೆಟ್ರೋಲಿನ ಉಳಿತಾಯ ಎಂಬುದು ಪೇಟೆಯ ಲೆಕ್ಕ. ದಿನಕ್ಕೆರಡು ಬಸ್ಸು ಬಂದರೆ ಹೆಚ್ಚೆನ್ನುವ ಹಳ್ಳಿಗಳಲ್ಲಿ ಸೈಕಲ್ ಉಳಿಸುವುದು ಹೊತ್ತನ್ನು. ಕಾಲ್ನಡಿಗೆಯಲ್ಲಿ ಗಂಟೆಗೆ 4ರಿಂದ 5 ಕಿ.ಮೀ. ಹೋಗಬಹುದು, ಸೈಕಲ್ಲಿನಲ್ಲಿ ಆತುರವಿಲ್ಲದೆ ತುಳಿದರೂ 12ರಿಂದ 15 ಕಿ.ಮೀ. ಆಗುತ್ತದೆ. ಎಲ್ಲ ದಿಕ್ಕಿಗೂ ಮೂರು ಪಟ್ಟು ದೂರ ಹೋಗಬಲ್ಲವರ ಕೈಗೆ ಎಟಕುವ ಪ್ರದೇಶ ಒಂಬತ್ತು ಪಟ್ಟು ಹಿಗ್ಗುತ್ತದೆ. ಕೂಲಿ ಸಿಗುವ ಹೊಲ, ಮಾಲು ಮಾರುವ ಸಂತೆ, ಪ್ರೌಢಶಾಲೆ, ಆಸ್ಪತ್ರೆ ಎಲ್ಲವೂ ಈ ವಿಸ್ತಾರದೊಳಗೆ ಬರುತ್ತವೆ.

ಇದು ಕಣ್ಣಿಗೆ ಕಾಣುವಂತೆ ನಡೆದದ್ದು ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ. 1991ರ ಸುಮಾರಿಗೆ ಅಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಸಾಕ್ಷರತಾ ಆಂದೋಲನ ನಡೆದಿತ್ತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್, ಅಕ್ಷರದ ಜೊತೆಗೆ ಸೈಕಲ್ ಕಲಿಕೆಯನ್ನೂ ಆಂದೋಲನಕ್ಕೆ ಸೇರಿಸಿದರು. ಬ್ಯಾಂಕುಗಳು ಸೈಕಲ್ ಕೊಳ್ಳಲು ಹೆಂಗಸರಿಗೆ ಸಾಲ ಕೊಟ್ಟವು. ಕೂಲಿಯವರು, ಕಲ್ಲು ಕ್ವಾರಿಯ ಕೆಲಸದವರು, ಅಂಗನವಾಡಿ ಕಾರ್ಯಕರ್ತೆಯರು ಸೇರಿ ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರು ಸೈಕಲ್ ತುಳಿಯಲು ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅವರ ವರದಿಗಳಿಂದ ಇದು ಹೊರಗಿನವರಿಗೂ ತಿಳಿಯಿತು.

ಬೆಳೆದದ್ದನ್ನು ಊರೂರಿಗೆ ಹೊತ್ತು ಮಾರುತ್ತಿದ್ದ ಹೆಂಗಸರಿಗೆ ಇದರಿಂದ ಆದ ಲಾಭ ನೇರವಾದದ್ದು. ಮೊದಲು ಬಸ್ಸಿಗಾಗಿ ಕಾಯಬೇಕಿತ್ತು; ಬಸ್ ನಿಲ್ದಾಣದವರೆಗೆ ಬಿಡಲು ಗಂಡನೋ ಅಣ್ಣನೋ ಮಗನೋ ಬಿಡುವಾಗಬೇಕಿತ್ತು. ನೀರು, ಅಡುಗೆ, ಮಕ್ಕಳ ಕೆಲಸ ಕಾದಿರುತ್ತಿದ್ದುದರಿಂದ ಮಾಲು ಉಳಿದರೂ ಬೇಗ ಮರಳಬೇಕಿತ್ತು. ಸೈಕಲ್ ಬಂದ ಮೇಲೆ ಅದೇ ಹೊತ್ತಿನಲ್ಲಿ ಇನ್ನೂ ಕೆಲವು ಹಳ್ಳಿ ಸುತ್ತಿ, ಹೆಚ್ಚು ಮಾರಿ ಬರುವಂತಾಯಿತು. ಲೇಡೀಸ್ ಸೈಕಲ್ಲುಗಳು ಸಾಲದೆ ಬಂದಾಗ ಅನೇಕರು ಜೆಂಟ್ಸ್ ಸೈಕಲ್ಲನ್ನೇ ಕೊಂಡರು. ಸೀಟಿನಿಂದ ಹ್ಯಾಂಡಲಿನವರೆಗಿನ ಅಡ್ಡ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ! ಕ್ಯಾರಿಯರ್ ಸರಕಿಗೆ, ಬಾರ್ ಮಗುವಿಗೆ. ಯಾವ ಕಂಪನಿಯ ಮಾರುಕಟ್ಟೆ ತಜ್ಞರಿಗೂ ಈ ಉಪಾಯ ಹೊಳೆದಿರಲಾರದು.

ಎರಡನೆಯ ಲಾಭ ಸೈಕಲ್ಲಿಗೆ ಮಾಡುವ ಖರ್ಚಿನದು. ಭಾರತ ತನಗೆ ಬೇಕಾದ ಕಚ್ಚಾ ತೈಲದ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಬೈಕಿಗೆ ಸುರಿದ ಪೆಟ್ರೋಲಿನ ದುಡ್ಡು ಊರಲ್ಲಿ ನಿಲ್ಲುವುದಿಲ್ಲ. ಸೈಕಲ್ಲಿನ ಖರ್ಚು ಮೂಲೆಯ ರಿಪೇರಿ ಅಂಗಡಿಗೆ ಹೋಗುತ್ತದೆ. ಗಾಳಿ ತುಂಬಿದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಕಡೆ ಗುರುತು ಹಾಕಿ, ಉಜ್ಜಿ, ಸಲ್ಯೂಷನ್ ಸವರಿ ಪ್ಯಾಚ್ ಒತ್ತುವುದು, ಚಕ್ರದ ಬೆಂಡು ತೆಗೆಯುವುದು, ಬೇರಿಂಗಿಗೆ ಗ್ರೀಸ್ ಹಚ್ಚುವುದು: ಇದಕ್ಕೆಲ್ಲ ದೊಡ್ಡ ಬಂಡವಾಳ ಬೇಡ. ಗಿರಾಕಿಗಳಿಗೂ ಕೊರತೆಯಿರಲಿಲ್ಲ; 2011ರ ಜನಗಣತಿಯ ಪ್ರಕಾರ ದೇಶದ ಸುಮಾರು ಶೇ 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು.

ಓದಿನ ಮೇಲಾಗುವ ಪರಿಣಾಮ ಮಾತ್ರ ನಿಧಾನವಾಗಿ ಹಣವಾಗುವಂಥದ್ದು. ಬಿಹಾರ ಸರ್ಕಾರ 2006ರಲ್ಲಿ 9ನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇದರಿಂದ ವಯಸ್ಸಿಗೆ ತಕ್ಕಂತೆ ಪ್ರೌಢಶಾಲೆಗೆ ದಾಖಲಾದ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು; ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತು. ಏರಿಕೆ ಹೆಚ್ಚಾಗಿ ಕಂಡದ್ದು ಪ್ರೌಢಶಾಲೆ 3 ಕಿ.ಮೀ. ಅಥವಾ ಅದಕ್ಕೂ ದೂರವಿದ್ದ ಹಳ್ಳಿಗಳಲ್ಲಿ.

ಕರ್ನಾಟಕದಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006-07ರಲ್ಲಿ. ಅಂಥ ಯೋಜನೆಗೆ ಹಣ ಸಾಲದು ಎನ್ನುವ ಸರ್ಕಾರಗಳಿಗೆ ಬಿಹಾರದ ಅಂಕಿಅಂಶದಲ್ಲೇ ದಾರಿ ಇದೆ: ಎಲ್ಲರಿಗೂ ಕೊಡಲಾಗದಿದ್ದರೆ, ಶಾಲೆ ದೂರವಿರುವ, ಬಸ್ಸು ಬಾರದ ಹಳ್ಳಿಯ ಮಕ್ಕಳಿಗೆ ಮೊದಲು ಕೊಡಬೇಕು.