ಕಂಬಕ್ಕೆ ಕಾವಲು, ಕೆರೆಗೆ ಯಾರು?

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯೆದುರು ನಿಂತ ಶಾಸನಸ್ತಂಭವನ್ನು ನಾವು ನೆನೆಯುವುದು ಮಯೂರಶರ್ಮನಿಗಾಗಿ. ಕಂಚಿಗೆ ಓದಲು ಹೋದವನು ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಕಥೆ ಶಾಲೆ ಮಕ್ಕಳಿಗೂ ಗೊತ್ತು. ಆದರೆ 5ನೇ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕವಿ ಕುಬ್ಜ ತನ್ನ ಸಂಸ್ಕೃತ ಕಾವ್ಯವನ್ನು ತಾನೇ ಈ ಕಲ್ಲಿನ ಮೇಲೆ ಬರೆದದ್ದು ಒಂದು ಕೆರೆಯ ನೆಪದಲ್ಲಿ. ಕದಂಬ ದೊರೆ ಕಾಕುಸ್ಥವರ್ಮ ಗುಡಿಯ ಬಳಿ ಕೆರೆ ಕಟ್ಟಿಸಿದ ಎನ್ನುವುದಕ್ಕೆ ವಂಶದ ಕಥೆಯೆಲ್ಲ ಪೀಠಿಕೆ. ಇವತ್ತು ಕಂಬಕ್ಕೆ ಪುರಾತತ್ತ್ವ ಇಲಾಖೆಯ ಕಾವಲಿದೆ. ಮಲೆನಾಡಿನ ಅಂಚಿನ ಹಳೆಯ ಕೆರೆಗಳನ್ನು ಮಾತ್ರ ಯಾರೂ ಸ್ಮಾರಕವೆಂದು ಎಣಿಸುವುದಿಲ್ಲ.

ಈ ಒಡಕು ನಮ್ಮ ಕಾನೂನಿನಲ್ಲೇ ಇದೆ. ಸ್ಮಾರಕಗಳಿಗೆ 1958ರ ಕಾಯ್ದೆ, ಕಾಡಿಗೆ ಬೇರೆ ಕಾಯ್ದೆ, ಬೇರೆ ಇಲಾಖೆ. ಸಂಸ್ಕೃತಿ, ನಿಸರ್ಗ ಎರಡನ್ನೂ ಒಂದೇ ಚೌಕಟ್ಟಿಗೆ ತಂದ ಯುನೆಸ್ಕೊದ 1972ರ ಒಪ್ಪಂದವನ್ನು ಭಾರತವೂ ಅಂಗೀಕರಿಸಿದೆ. ಊರಿನ ಮಟ್ಟಕ್ಕೆ ಆ ತಿಳಿವಳಿಕೆ ಇಳಿದಿಲ್ಲ. ಸೊರಬದ ಕಡೆಗೆ ಬನ್ನಿ. ಕುಬಟೂರಿನ ಕೈಟಭೇಶ್ವರ ದೇಗುಲಕ್ಕೆ ರಕ್ಷಣೆಯಿದೆ. ಅದೇ ಸೀಮೆಯ ಕಾನುಗಳು? ಎಲೆ ಉದುರುವ ಕಾಡಿನ ನಡುವೆ ವರ್ಷವಿಡೀ ಹಸಿರಾಗಿರುವ ಈ ತುಣುಕುಗಳಲ್ಲಿ ಮೆಣಸಿನ ಬಳ್ಳಿ, ಬೈನೆ, ಉಪ್ಪಾಗೆ, ಹಳ್ಳದಂಚಿಗೆ ಅಪ್ಪೆಮಾವು. ಒಳಗೆಲ್ಲೋ ಒಂದು ದೇವರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲೇ ಇಂಥ 171 ಕಾನುಗಳನ್ನು ದಾಖಲಿಸಿದ್ದರು. ಕಾನು ಹಿಡಿದಿಟ್ಟ ನೀರೇ ಕೆಳಗಿನ ಕೆರೆಗೆ, ಕೆರೆಯ ನೀರು ಗದ್ದೆ ತೋಟಕ್ಕೆ. ಆ ಬೆಳೆಯ ಬಲದಲ್ಲೇ ಗುಡಿ ಎದ್ದದ್ದು. ಹೀಗಿರುವಾಗ ಗುಡಿಯೊಂದನ್ನೇ ಕಾಯುವುದು ಅರ್ಧ ಕೆಲಸ.

ಹಾಗಾದರೆ ಎಲ್ಲದಕ್ಕೂ ಬೇಲಿ ಹಾಕಿದರೆ ಜನ ಎಲ್ಲಿಗೆ ಹೋಗಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಬಳ್ಳಿಗಾವಿಯಂತೆ ಊರೂ ಸ್ಮಾರಕವೂ ಒತ್ತೊತ್ತಿಗಿರುವ ಕಡೆ ಈ ನಿಯಮದ ಭಾರ ಬೀಳುವುದು ಬಡವರ ಮನೆಯ ಮೇಲೆ. ಆದರೆ ಕಾನುಗಳು ಉಳಿದದ್ದು ಬೇಲಿಯಿಂದಲ್ಲ. ಊರವರು ಕಂದಾಯ ಕಟ್ಟಿ, ಮೆಣಸು ಕೊಯ್ದು, ದೇವರಿಗೆ ಹೆದರಿ ಕಾಯ್ದುಕೊಂಡರು. ಅವರು ಆ ಹಕ್ಕು ಕಳೆದುಕೊಂಡ ಮೇಲೆಯೇ ಕಾನು ಯಾರದ್ದೂ ಅಲ್ಲದ ಕಾಡಾಯಿತು. ಶುಂಠಿಗೂ ಅಡಿಕೆಗೂ ಜಾಗ ಬೇಕೆನ್ನುವವರೂ ಇದ್ದಾರೆ, ಸರಿ. ಕಾನು ಕಡಿದು ಹಾಕಿದ ತೋಟಕ್ಕೆ ಬೇಸಿಗೆಯಲ್ಲಿ ನೀರು ಎಲ್ಲಿಂದ? 2002ರ ಜೀವವೈವಿಧ್ಯ ಕಾಯ್ದೆಯಡಿ, ಸ್ಥಳೀಯ ಸಂಸ್ಥೆಗಳ ಸಮಾಲೋಚನೆಯೊಂದಿಗೆ ಪಾರಂಪರಿಕ ತಾಣ ಘೋಷಿಸಲು ಅವಕಾಶವಿದೆ. ಪಕ್ಕದ ಸಾಗರ ತಾಲ್ಲೂಕಿನ ಅಂಬಾರಗುಡ್ಡ ಆ ದಾರಿಯಲ್ಲೇ ಮಾನ್ಯತೆ ಪಡೆದದ್ದು. ಕೊಯ್ಲಿನ ಹಕ್ಕು ಊರಿಗೇ ಬಿಟ್ಟು, ಒಂದು ಕಾನು, ಅದರ ಕೆರೆ, ಏರಿಯ ಮೇಲಿನ ವೀರಗಲ್ಲು ಇಷ್ಟನ್ನೂ ಒಂದೇ ನಕ್ಷೆಯಲ್ಲಿ ಗುರುತಿಸುವ ಕೆಲಸವನ್ನು ಸೊರಬದ ಯಾವ ಪಂಚಾಯಿತಿಯಾದರೂ ಶುರು ಮಾಡಬಹುದು.