ಮಟ್ಟು, ಪ್ಲೇಟು, ಕ್ಯಾಸೆಟ್ಟು: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜನಪ್ರಿಯ ಹಾಡುಗಳು

ಜನಪ್ರಿಯ ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಧ್ವನಿಮುದ್ರಣಗಳ ಪಟ್ಟಿಯಿಂದ ಆರಂಭಿಸುತ್ತಾರೆ. ಯಾವ ದಶಕದಲ್ಲಿ ಯಾವ ಪ್ಲೇಟು, ಯಾವ ಚಲನಚಿತ್ರ, ಯಾವ ಕ್ಯಾಸೆಟ್ಟು ಹೆಚ್ಚು ಮಾರಾಟವಾಯಿತು ಎಂಬುದೇ ಅಲ್ಲಿ ಜನಪ್ರಿಯತೆಯ ಅಳತೆಗೋಲು. ಈ ಅಳತೆಯಲ್ಲಿ ಕೊಂಡವರು ಮಾತ್ರ ಲೆಕ್ಕಕ್ಕೆ ಬರುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಮಟ್ಟಿಗೆ ಈ ಕ್ರಮ ಸಾಲದು. ಇಲ್ಲಿ ಒಂದು ಹಾಡು ಜನಪ್ರಿಯವಾಯಿತು ಎಂದರೆ, ಕೇಳಿದವರು ಅದನ್ನು ತಾವೇ ಮತ್ತೆ ಹಾಡಿದರು ಎಂದರ್ಥ. ಇಪ್ಪತ್ತನೆಯ ಶತಮಾನದ ಜನಪ್ರಿಯ ಹಾಡುಗಳನ್ನು ಈ ಮರುಹಾಡುವಿಕೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಹಾಡು ಬಂದ ದಾರಿ

ಬೆಂಗಳೂರು–ಮೈಸೂರು ರೈಲುಮಾರ್ಗವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಮದ್ದೂರು, ಮಂಡ್ಯಗಳನ್ನು ಹಾದು ಹೋಗಿತ್ತು. ಮಳವಳ್ಳಿ ಈ ಮಾರ್ಗದಿಂದ ಹೊರಗೆ ಉಳಿಯಿತು. ೧೯೩೦ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ (ಇಂದಿನ ವಿಶ್ವೇಶ್ವರಯ್ಯ ನಾಲೆ) ಮೂಲಕ ಈ ಸೀಮೆಗೆ ಹರಿಯಿತು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಮಂಡ್ಯದಲ್ಲಿ ಸ್ಥಾಪನೆಯಾಯಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬು, ಭತ್ತಗಳಿಂದ ರೈತನ ಕೈಗೆ ಬಂದ ಹಣದಲ್ಲಿ ಒಂದು ಪಾಲು ನಾಟಕಕ್ಕೂ ಹಾಡಿಗೂ ಸಂದಿತು.

ನಾಲೆಗಿಂತ, ರೈಲಿಗಿಂತ ಹಳೆಯದಾದ ಹಾಡಿನ ಪರಂಪರೆಯೊಂದು ಈ ಸೀಮೆಗಿದೆ. ಮಂಟೇಸ್ವಾಮಿ ಪರಂಪರೆಯ ಮುಖ್ಯ ಕೇಂದ್ರಗಳಲ್ಲೊಂದಾದ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನಲ್ಲಿದೆ. ದೀಕ್ಷೆ ಪಡೆದ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ, ತಾಳಗಳೊಡನೆ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ಇರುಳಿಡೀ ಹಾಡುತ್ತಾರೆ. ಮಲೆಯ ಮಾದೇಶ್ವರನ ದೇವರಗುಡ್ಡರು ಕಂಸಾಳೆಯೊಡನೆ ಹಾಡುತ್ತಾರೆ. ಈ ಪರಂಪರೆಗಳಲ್ಲಿ ಹಾಡುವ ಅಧಿಕಾರ ದೀಕ್ಷೆಯಿಂದ ಬರುವಂಥದು ಎಂಬುದನ್ನು ಇಲ್ಲಿ ನೆನಪಿಡಬೇಕು.

೨. ಕಂಪನಿ ನಾಟಕ ಮತ್ತು ಪ್ಲೇಟು

ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡಿನೊಡನೆ ಬೆಳಕಿಗೆ ಬಂದಿತು. ಅದೇ ವರ್ಷ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಸುತ್ತಲಿನ ಹಳ್ಳಿಗಳು ದೀಪಕ್ಕಾಗಿ ಬಹುಕಾಲ ಕಾಯಬೇಕಾಯಿತು. ಕೀಲಿ ಕೊಟ್ಟು ನಡೆಸುವ ಗ್ರಾಮಫೋನಿಗೆ ವಿದ್ಯುತ್ತಿನ ಅಗತ್ಯವಿರಲಿಲ್ಲ. ಆದ್ದರಿಂದಲೇ ಅದು ಕರೆಂಟಿಗಿಂತ ಮೊದಲು ಊರನ್ನು ಪ್ರವೇಶಿಸಬಲ್ಲದಾಗಿತ್ತು.

ಕನ್ನಡದ ಆರಂಭಕಾಲದ ಜನಪ್ರಿಯ ಪ್ಲೇಟುಗಳಲ್ಲಿ ರಂಗಗೀತೆಗಳಿಗೆ ದೊಡ್ಡ ಸ್ಥಾನವಿದೆ. ಗುಬ್ಬಿ ವೀರಣ್ಣನವರ ಕಂಪನಿಯೂ ಸೇರಿದಂತೆ ವೃತ್ತಿ ನಾಟಕ ಮಂಡಳಿಗಳು ಈ ಹಾಡುಗಳನ್ನು ಊರಿಂದೂರಿಗೆ ಒಯ್ದವು. ಗಾಯಕ ನಟಿ ಮಳವಳ್ಳಿ ಸುಂದರಮ್ಮನವರ ಹೆಸರಿನಲ್ಲಿಯೇ ಈ ಸೀಮೆಯ ಊರೊಂದು ಸೇರಿಕೊಂಡಿದೆ. ರಂಗದ ಮೇಲೆ ಪ್ರೇಕ್ಷಕರ ‘ಒನ್ಸ್ ಮೋರ್’ ಕೂಗಿಗೆ ತಕ್ಕಂತೆ ಹಾಡು ಬೆಳೆಯುತ್ತಿತ್ತು. ಹತ್ತಂಗುಲದ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ೩ ನಿಮಿಷ ಮಾತ್ರ. ಪಲ್ಲವಿ, ಚರಣಗಳು ಬಿಗಿಯಾದವು, ಆಲಾಪನೆ ಕಿರಿದಾಯಿತು. ಇಂದು ನಾವು ಸಹಜವೆಂದು ಭಾವಿಸುವ ‘ಹಾಡಿನ ಅಳತೆ’ ಯಂತ್ರದ ಮಿತಿಯಿಂದ ರೂಪುಗೊಂಡದ್ದು.

ಮೂರು ತಾಲ್ಲೂಕುಗಳ ವೈಶಿಷ್ಟ್ಯ ಕಾಣುವುದು ಇದರ ಮುಂದಿನ ಹಂತದಲ್ಲಿ. ವೃತ್ತಿ ಕಂಪನಿಗಳು ಕ್ಷೀಣಿಸಿದ ಮೇಲೆಯೂ ಹಳ್ಳಿಗಳ ಹವ್ಯಾಸಿಗಳು ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನು ಕೈಬಿಡಲಿಲ್ಲ; ಇಂದಿಗೂ ಬಿಟ್ಟಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಸೀನರಿ, ವೇಷಭೂಷಣಗಳನ್ನು ಬಾಡಿಗೆಗೆ ತರಲಾಗುತ್ತದೆ. ಪಾತ್ರಧಾರಿಯೇ ತನ್ನ ಪಾತ್ರಕ್ಕೆ ಹಣ ಕೊಡುವ ಪದ್ಧತಿ ಇಲ್ಲಿದೆ. ಕೃಷ್ಣ, ದುರ್ಯೋಧನರಂತಹ, ಹಾಡು ಮತ್ತು ಕಂದಗಳು ಹೆಚ್ಚಿರುವ ಪಾತ್ರಗಳ ಬೆಲೆ ಹೆಚ್ಚು. ಮಾರುಕಟ್ಟೆಯ ಸಾಮಾನ್ಯ ನಿಯಮವನ್ನು ಈ ಪದ್ಧತಿ ತಲೆಕೆಳಗು ಮಾಡುತ್ತದೆ. ಊರಿನವರು ಉಚಿತವಾಗಿ ಕೇಳುತ್ತಾರೆ, ಹಾಡುವವನು ಹಣ ತೆರುತ್ತಾನೆ. ಜನಪ್ರಿಯತೆಗೆ ಇದಕ್ಕಿಂತ ಬಲವಾದ ಸಾಕ್ಷ್ಯ ದೊರೆಯುವುದು ಕಷ್ಟ. ಆದರೆ ಯಾವ ಮಾರಾಟದ ಲೆಕ್ಕದಲ್ಲಿಯೂ ಇದು ದಾಖಲಾಗುವುದಿಲ್ಲ.

೩. ಚಲನಚಿತ್ರ ಮತ್ತು ಬಾನುಲಿ

ಕನ್ನಡ ಚಲನಚಿತ್ರಗೀತೆ ರಂಗಗೀತೆಯ ಮಗ್ಗುಲಲ್ಲಿಯೇ ಹುಟ್ಟಿತು. ಮೊದಲು ತೆರೆಕಂಡ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (೧೯೩೪) ಚಿತ್ರದ ಆರ್. ನಾಗೇಂದ್ರರಾಯರು ರಂಗಭೂಮಿಯಿಂದ ಬಂದವರು. ‘ಬೇಡರ ಕಣ್ಣಪ್ಪ’ (೧೯೫೪) ಗುಬ್ಬಿ ಕಂಪನಿಯ ನಾಟಕವನ್ನು ಆಧರಿಸಿದ್ದು. ಹಳ್ಳಿಯ ಹವ್ಯಾಸಿ ನಟನಿಗೆ ರಾಜ್‌ಕುಮಾರ್ ತನ್ನವರೆನ್ನಿಸಿದ್ದಕ್ಕೆ ಈ ರಂಗಸಂಬಂಧವೂ ಒಂದು ಕಾರಣವೆಂದು ತೋರುತ್ತದೆ. ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದ ನಂತರ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅದಕ್ಕೆ ಮೊದಲು ಪಿ. ಬಿ. ಶ್ರೀನಿವಾಸರ ಕಂಠ ಅವರ ಪಾತ್ರಗಳ ಕಂಠವಾಗಿತ್ತು. ನಟನೇ ಹಾಡಬೇಕೆಂಬ ರಂಗಭೂಮಿಯ ಹಳೆಯ ನಿಯಮ ಹೀಗೆ ತೆರೆಯ ಮೇಲೆ ಮರಳಿತು. ಜಿ. ಕೆ. ವೆಂಕಟೇಶ್ ಸಂಗೀತದ ‘ಬಂಗಾರದ ಮನುಷ್ಯ’ (೧೯೭೨) ಬೇಸಾಯವನ್ನೇ ವಸ್ತುವಾಗಿಸಿಕೊಂಡ ಚಿತ್ರವಾದುದರಿಂದ ನೀರಾವರಿ ಸೀಮೆಗೆ ಅದರ ಹಾಡುಗಳು ಹೊರಗಿನವು ಎನಿಸಲಿಲ್ಲ.

೧೯೩೫ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ‘ಆಕಾಶವಾಣಿ’, ೧೯೫೭ರಲ್ಲಿ ಮೊದಲಾದ ವಿವಿಧ ಭಾರತಿ, ಅನಂತರ ಬಂದ ಟ್ರಾನ್ಸಿಸ್ಟರ್, ಟೆಂಟ್ ಸಿನಿಮಾ, ಮದುವೆ ಮನೆಯ ಮೈಕ್ ಸೆಟ್ಟು ಇವು ಸೇರಿ ಹಾಡನ್ನು ಗದ್ದೆಯ ಬದುವಿನವರೆಗೆ ತಂದವು. ಟೆಂಟಿನ ಬಳಿ ಮಾರುತ್ತಿದ್ದ ಹಾಡಿನ ಪುಸ್ತಕಗಳು ಕಲಿಯುವುದಕ್ಕೆ ನೆರವಾದವು. ಚಲನಚಿತ್ರದ ಮಟ್ಟಿಗೆ ದೇವರ ಮೇಲಿನ ಹೊಸ ಪದಗಳನ್ನು ಹೊಂದಿಸಿ ಭಜನೆ, ಕೋಲಾಟಗಳಲ್ಲಿ ಹಾಡುವುದು ರೂಢಿಯಾಯಿತು. ಇದನ್ನು ಅನುಕರಣೆಯೆಂದು ಕಡೆಗಣಿಸುವುದು ಸರಿಯಲ್ಲ. ಪರಭಾಷೆಯ ಮಟ್ಟುಗಳಿಗೆ ಕನ್ನಡ ಹಾಡು ಹೊಸೆದ ಕಂಪನಿ ಕವಿಗಳ ಕ್ರಮವೇ ಇಲ್ಲಿ ಮುಂದುವರಿದಿದೆ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ (೧೯೫೨–೨೦೧೮) ನಟಿಸಿದ ‘ಮಂಡ್ಯದ ಗಂಡು’ (೧೯೯೪) ಚಿತ್ರದ ಹೊತ್ತಿಗೆ ಊರಿನ ಹೆಸರೇ ಚಿತ್ರದ ಹೆಸರಾಗುವಷ್ಟು ಈ ಸಂಬಂಧ ಬೆಳೆದಿತ್ತು.

೪. ಕ್ಯಾಸೆಟ್ಟು: ಲಾಭ ಮತ್ತು ನಷ್ಟ

೧೯೭೮ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಬಂದ ‘ನಿತ್ಯೋತ್ಸವ’ದಿಂದ ಭಾವಗೀತೆಯ ಕ್ಯಾಸೆಟ್ ಯುಗ ಆರಂಭವಾಯಿತೆನ್ನಬಹುದು. ಇದೇ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (೧೯೪೨) ಸಿ. ಅಶ್ವತ್ಥ್ ಅವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ, ೧೯೯೦ರ ದಶಕದ ಆರಂಭದಲ್ಲಿ ಚಲನಚಿತ್ರವಾಗಿ ಪುಸ್ತಕ ಓದದವರನ್ನೂ ಮುಟ್ಟಿತು. ಹಂಸಲೇಖ ಅವರ ‘ಪ್ರೇಮಲೋಕ’ (೧೯೮೭) ಕ್ಯಾಸೆಟ್ ಮಾರುಕಟ್ಟೆಯ ಸ್ವರೂಪವನ್ನೇ ಬದಲಿಸಿತು.

ಮಳವಳ್ಳಿಯ ಮಟ್ಟಿಗೆ ಇದಕ್ಕಿಂತ ಮಹತ್ವದ ಬದಲಾವಣೆ ಬೇರೊಂದು. ರೈಲು ಬಾರದ ಈ ಊರಿನ ಹೆಸರು ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳ ಮೂಲಕ ನಾಡಿನ ತುಂಬ ಕೇಳಿಸಿತು. ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದಪ್ಪನ ಹಾಡುಗಳು ಬಸ್ಸು, ಲಾರಿ, ಹೋಟೆಲುಗಳನ್ನು ಸೇರಿದವು. ಮಾದೇಶ್ವರ ಪರಂಪರೆಯ ಕೋಲುಮಂಡೆ ಹಾಡು ‘ಜನುಮದ ಜೋಡಿ’ (೧೯೯೬) ಚಿತ್ರದಲ್ಲಿ ಬಳಕೆಯಾಗಿ ಎಲ್ಲ ವರ್ಗದವರಿಗೂ ಪರಿಚಿತವಾಯಿತು. ಕೀಳೆಂದು ಕಂಡ ದನಿಗೆ ಮಾನ್ಯತೆ ದೊರೆತದ್ದು ಸಣ್ಣ ಲಾಭವೇನಲ್ಲ.

ನಷ್ಟವನ್ನೂ ಎಣಿಸಬೇಕು. ೬೦ ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ೩೦ ನಿಮಿಷ. ಇರುಳಿಡೀ ಹಾಡುವ ಕಾವ್ಯ ಭಾಗಗಳಾಗಿ ಒಡೆಯಿತು. ಸಭಿಕರ ಹೂಂಗುಟ್ಟುವಿಕೆ, ನಡುವಣ ಮಾತು, ಊರಿಗೆ ತಕ್ಕಂತೆ ಕಥೆ ಹಿಗ್ಗುವ ಗುಣ ಮರೆಯಾದವು. ಪಿ. ಕೆ. ರಾಜಶೇಖರ ಅವರು ಸಂಪಾದಿಸಿದ ಮಲೆಯ ಮಾದೇಶ್ವರ ಕಾವ್ಯದ ಬೃಹತ್ ಗಾತ್ರವನ್ನು ಕ್ಯಾಸೆಟ್ಟಿನ ಅಳತೆಯೊಡನೆ ಹೋಲಿಸಿದರೆ ಈ ಅಂತರ ಸ್ಪಷ್ಟವಾಗುತ್ತದೆ. ಅಲ್ಲದೆ, ದೀಕ್ಷೆಯಿಂದ ಬಂದ ಹಾಡುವ ಅಧಿಕಾರದ ಪಕ್ಕದಲ್ಲಿ ಕಂಪನಿಯ ಹಕ್ಕು ಬಂದು ನಿಂತಿತು. ಪರಂಪರೆಯಿಂದ ಬಂದ ಹಾಡಿಗೆ ಒಡೆಯರು ಯಾರು ಎಂಬ ಪ್ರಶ್ನೆ ಈ ಸೀಮೆಯಲ್ಲಿ ತೀವ್ರವಾಗಿ ಎದುರಾದದ್ದು ಆಗಲೇ.

೫. ಉಪಸಂಹಾರ

ಈ ಶತಮಾನದ ಪ್ರತಿಯೊಂದು ಯಂತ್ರವೂ ಹಾಡಿನ ಉದ್ದವನ್ನೂ ಹಾಡುವವರ ಹಕ್ಕನ್ನೂ ಬದಲಿಸಿದೆ. ಆದರೂ ಯಂತ್ರದಿಂದ ಕೇಳಿದ್ದನ್ನು ಮತ್ತೆ ತಮ್ಮ ಕಂಠಕ್ಕೆ ಒಗ್ಗಿಸಿಕೊಳ್ಳುವ ರೂಢಿ ಈ ಮೂರು ತಾಲ್ಲೂಕುಗಳಲ್ಲಿ ಉಳಿದಿದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು (೧೯೧೫–೨೦೦೫) ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಜನಪದ ಗಾಯನದ ಸಂಗ್ರಹಕ್ಕೆ ಮಾದರಿಯಾಗಿದೆ. ಹಾರ್ಮೋನಿಯಂ ಮೇಷ್ಟ್ರುಗಳು ಮಟ್ಟುಗಳನ್ನೂ ಕಂದಗಳನ್ನೂ ಬರೆದಿಟ್ಟುಕೊಂಡ ಕೈಬರಹದ ನೋಟ್‌ಬುಕ್ಕುಗಳಿಗೂ ಅಂಥದೇ ಗಮನ ಸಲ್ಲಬೇಕು. ಪ್ಲೇಟಿನ ಮೇಲೆ ಗಾಯಕನ ಹೆಸರಿದೆ, ಕ್ಯಾಸೆಟ್ಟಿನ ಮೇಲೆ ಕಂಪನಿಯ ಹೆಸರಿದೆ. ಹಾಡನ್ನು ಊರಿಗೆ ಕಲಿಸಿದ ಮೇಷ್ಟ್ರ ಹೆಸರು ಎಲ್ಲಿಯೂ ಇಲ್ಲ. ಮೇಷ್ಟ್ರು ತೀರಿಕೊಂಡರೆ ಆ ನೋಟ್‌ಬುಕ್ಕಿನ ಮಟ್ಟನ್ನು ಓದಿ ಹಾಡಬಲ್ಲವರು ಉಳಿಯುವುದಿಲ್ಲ. ಆದುದರಿಂದ ನೋಟ್‌ಬುಕ್ಕನ್ನು ಪ್ರತಿ ಮಾಡಿಕೊಳ್ಳುವುದರ ಜೊತೆಗೆ, ಅದನ್ನು ನುಡಿಸುವ ಮೇಷ್ಟ್ರನ್ನೂ ಅವರಿಂದ ಕಲಿತವರನ್ನೂ ಒಟ್ಟಿಗೆ ಕೂರಿಸಿ ಧ್ವನಿಮುದ್ರಿಸಿಕೊಳ್ಳುವುದು ಕನ್ನಡ ಅಧ್ಯಯನ ವಿಭಾಗಗಳು ತಡಮಾಡದೆ ಕೈಗೊಳ್ಳಬೇಕಾದ ಕೆಲಸವಾಗಿದೆ.